ಕೈಗೆ ಲೈಸೆನ್ಸ್ ಇಲ್ಲದ ಡಾಕ್ಟರು

ಡಾ. ನಂಜರಾಜಯ್ಯನವರು ಸೋಫಾದ ಮೇಲೆ ಕುಳಿತರೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡೇ ಕೂರುತ್ತಿದ್ದರು. ಚಳಿಗೆ ಹಾಗೆ ಮಾಡುವವರನ್ನು ನಾನು ಕಂಡಿದ್ದೆ. ಇವರು ಮೇರಿಲ್ಯಾಂಡಿನ ಬೇಸಿಗೆಯ ಸೆಕೆಯಲ್ಲೂ ಹಾಗೆಯೇ. ಯಾರಾದರೂ ಪಕ್ಕದಲ್ಲಿ ಕುಳಿತು ತಮ್ಮ ಬೆನ್ನುನೋವನ್ನೋ ಹೊಟ್ಟೆಯುರಿಯನ್ನೋ ಹೇಳಲು ತೊಡಗಿದರೆ, ತಲೆಯನ್ನು ಕೊಂಚ ವಾಲಿಸಿ, "ಹೇಳಪ್ಪ. ನನ್ನ ಕೈಗೆ ಈ ರಾಜ್ಯದಲ್ಲಿ ಲೈಸೆನ್ಸ್ ಇಲ್ಲ. ಕಿವಿಗೆ ಲೈಸೆನ್ಸ್ ಬೇಕಾಗಿಲ್ಲ" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾನು ವೃತ್ತಿಯಿಂದ ಶಾಸನಗಳ ಕಾಲನಿರ್ಣಯ ಮಾಡುತ್ತಿದ್ದವನು. ವಾಷಿಂಗ್ಟನ್ನಿನ ಒಂದು ಸಂಶೋಧನಾ ಗ್ರಂಥಾಲಯದಲ್ಲಿ, ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಗುತ್ತಿಗೆಯ ಮೇಲೆ, ಕಲ್ಲಿನ ಮೇಲಿಂದ ತೆಗೆದ ಪಡಿಯಚ್ಚುಗಳನ್ನು ಓದುತ್ತಿದ್ದೆ. ತಿಥಿಗೂ ವಾರಕ್ಕೂ ತಾಳೆಯಾಗದ ಶಾಸನವನ್ನು ನಂಬದಿರುವುದು ನಮ್ಮ ಕಸುಬಿನ ಮೊದಲ ಪಾಠ. ಆದ್ದರಿಂದ ಈ ಬರಹದ ತಾರೀಖುಗಳನ್ನು ಅಂದಿನ ಪತ್ರಿಕೆಗಳೊಡನೆಯೂ, ಡಾಕ್ಟರ ಮಗಳು ವಸುಧಾ ತೋರಿಸಿದ ಫೋಟೋಗಳೊಡನೆಯೂ ಹೋಲಿಸಿ ನೋಡಿದ್ದೇನೆ. ಹೋಲಿಸಿದಷ್ಟೂ ನೆಮ್ಮದಿ ಹೆಚ್ಚಿತು ಎಂದು ಹೇಳಲಾರೆ.

ನಂಜರಾಜಯ್ಯನವರು ಮೈಸೂರಿನಲ್ಲಿ ವೈದ್ಯಕೀಯ ಓದಿ, ಯೌವನದಲ್ಲೇ ಬ್ರಿಟನ್ನಿಗೆ ಹೋದವರು. ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಯೊಂದರಲ್ಲಿ ಊರಿಗೊಬ್ಬರೇ ಎನ್ನುವಂಥ ಡಾಕ್ಟರಾಗಿ, ಅಲ್ಲಿಯೇ ನಿವೃತ್ತರಾದರು. ಹೆಂಡತಿ ತೀರಿಕೊಂಡ ಮೇಲೆ, 1992ರ ವಸಂತದಲ್ಲಿ, ಎಲಿಕಾಟ್ ಸಿಟಿಯಲ್ಲಿದ್ದ ಮಗಳು ವಸುಧಾ, ಅಳಿಯ ಗಿರೀಶರ ಮನೆಗೆ ಬಂದರು. ನಮ್ಮದು ಅದೇ ಬೀದಿಯ ಮೂರನೆಯ ಮನೆ. ಮೊದಲ ಭೇಟಿಯಲ್ಲೇ ನನ್ನ ಕೆಲಸವೇನೆಂದು ವಿಚಾರಿಸಿ, ಅಂದಿನಿಂದ ನನ್ನನ್ನು "ಶಾಸನದವರೇ" ಎಂದೇ ಕರೆದರು.

ಕಣಿವೆಯ ತಮ್ಮ ದವಾಖಾನೆಯನ್ನು ಅವರು ಎಂದೂ ದವಾಖಾನೆ ಎನ್ನಲಿಲ್ಲ. 'ನಮ್ಮ ಬೆಂಚು' ಎನ್ನುತ್ತಿದ್ದರು. ಹೊರಕೋಣೆಯ ಗೋಡೆಗುಂಟ ಒಂದು ಉದ್ದನೆಯ ಮರದ ಬೆಂಚಿತ್ತಂತೆ. ಬಂದವರು ಅದರ ಒಂದು ತುದಿಯಲ್ಲಿ ಕೂತು, ಮುಂದಿನವರು ಎದ್ದಂತೆಲ್ಲ ಸರಿಯುತ್ತ ಸರಿಯುತ್ತ ಇನ್ನೊಂದು ತುದಿ ತಲುಪಿದರೆ ಡಾಕ್ಟರ ಬಾಗಿಲು. "ಗಣಿ ಮ್ಯಾನೇಜರೂ ಅದೇ ಬೆಂಚು, ಗಣಿಯೊಳಗೆ ಇಳಿಯೋನೂ ಅದೇ ಬೆಂಚು. ಸರಿದೂ ಸರಿದೂ ಎಲ್ಲರ ಪ್ಯಾಂಟೂ ಒಂದೇ ಜಾಗದಲ್ಲಿ ಸವೀತಿತ್ತು" ಎಂದು ಹೇಳಿ, ತಾವೇ ಮೊದಲು ನಗುತ್ತಿದ್ದರು.

ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ ಐದರಂದು. ಅಂದು ಸೋಮವಾರ, ನೋಡಿದ್ದೇನೆ. ಆ ದಿನವನ್ನು ಅವರು ಹಬ್ಬದಂತೆ ಆಚರಿಸುತ್ತಿದ್ದರು. ಅಮೆರಿಕದವರು ನಾಲ್ಕನೆಯ ತಾರೀಖು ಪಟಾಕಿ ಹೊಡೆದು ಮಲಗಿದರೆ, ಮರುದಿನ ಇವರು ಸ್ವತಃ ಒಲೆಯ ಮುಂದೆ ನಿಂತು ಕೇಸರಿಬಾತ್ ಮಾಡಿ ಬೀದಿಗೆಲ್ಲ ಹಂಚುತ್ತಿದ್ದರು. 1993ರಲ್ಲಿ ನಾಲ್ಕನೆಯ ತಾರೀಖು ಭಾನುವಾರ ಬಿದ್ದದ್ದರಿಂದ ರಜೆಯನ್ನು ಸೋಮವಾರ ಕೊಟ್ಟಿದ್ದರು. "ನೋಡಿದ್ರಾ ಶಾಸನದವರೇ, ನನ್ನ ಹಬ್ಬಕ್ಕೆ ಅಮೆರಿಕ ಸರ್ಕಾರಾನೇ ರಜ ಕೊಟ್ಟಿದೆ" ಎಂದು ಅವರು ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಆ ದಿನದ ಒಂದು ಫೋಟೋ ಇದೆ. ಅದರಲ್ಲಿ ಅವರ ಕೈಗಳು ಕಾಣುತ್ತವೆ. ಉದ್ದನೆಯ, ತೆಳ್ಳನೆಯ ಬೆರಳುಗಳು. ತುದಿಯಲ್ಲಿ ವಿಶೇಷವೇನೂ ಇಲ್ಲ.

ಈ ನಗುವಿನ ಕೆಳಗೆ ಒಂದು ಲೆಕ್ಕವಿತ್ತು. ಅದನ್ನು ಅವರು ಮುಚ್ಚಿಟ್ಟವರೇ ಅಲ್ಲ. ಗಿರೀಶನ ಕಂಪನಿಯ ವಿಮೆ ಹೆಂಡತಿ ಮಕ್ಕಳಿಗೆ ಇತ್ತು, ಮಾವನಿಗಿರಲಿಲ್ಲ. ವಯಸ್ಸಾದವರಿಗೆಂದು ಸರ್ಕಾರ ನಡೆಸುವ ವಿಮೆಯನ್ನು, ಹೊರಗಿನಿಂದ ಬಂದವರು, ಐದು ವರ್ಷ ಇಲ್ಲಿ ನೆಲೆಸಿದ ಮೇಲಷ್ಟೇ ಕೊಳ್ಳಬಹುದಿತ್ತು. ಖಾಸಗಿ ವಿಮೆಯವರು ಅವರ ವಯಸ್ಸು ಕೇಳಿಯೇ ಫೋನ್ ಇಟ್ಟಿದ್ದರು. ಅಂದರೆ 1997ರ ವಸಂತದವರೆಗೆ ಅವರಿಗೆ ಕಾಯಿಲೆ ಬರಕೂಡದು. ಬಂದರೆ ಆಸ್ಪತ್ರೆಯ ಬಿಲ್ಲಿಗೆ ಮಗಳ ಮನೆ ಹೋಗುತ್ತದೆ. ಇದನ್ನು ಅವರು ಇಷ್ಟೇ ನೇರವಾಗಿ ಹೇಳುತ್ತಿದ್ದರು. ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಹಿಮಗಟ್ಟಿಯನ್ನು ಕಂಡರೆ ಹಾವು ಕಂಡವರಂತೆ ನಿಂತುಬಿಡುತ್ತಿದ್ದರು. "ನಾನು ಜಾರಿದ್ರೆ ಸೊಂಟ ಮುರಿಯೋದು ನನ್ನದಲ್ಲ, ಗಿರೀಶಂದು" ಎನ್ನುತ್ತ, ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿಯುತ್ತಿದ್ದರು.

ಅವರಲ್ಲಿಗೆ ನಮ್ಮವರು ಬರುತ್ತಿದ್ದುದಕ್ಕೂ ಭಯವೇ ಕಾರಣ. ಕಂಪ್ಯೂಟರ್ ಕೆಲಸಕ್ಕೆ ಬಂದ ಹುಡುಗರು ಕಂಪನಿಯಿಂದ ಕಂಪನಿಗೆ ಹಾರುತ್ತಿದ್ದ ಕಾಲ. ಒಂದು ಕಾಯಿಲೆ ಹಳೆಯ ಕಂಪನಿಯ ಕಾಲದಲ್ಲಿ ಡಾಕ್ಟರ ಕಡತ ಸೇರಿದರೆ, ಹೊಸ ಕಂಪನಿಯ ವಿಮೆಯವರು ಅದನ್ನು 'ಮೊದಲೇ ಇದ್ದದ್ದು' ಎಂದು ಬದಿಗಿಡಬಹುದಿತ್ತು. ಹಾಗಾಗಿ ಕೆಲಸ ಬದಲಿಸುವ ಮುನ್ನ ಯಾರೂ ಡಾಕ್ಟರ ಬಳಿ ಹೋಗುತ್ತಿರಲಿಲ್ಲ. ನಂಜರಾಜಯ್ಯನವರ ಸೋಫಾಕ್ಕೆ ಬರುತ್ತಿದ್ದರು. ಅವರ ಕಿವಿಗೆ ಬಿದ್ದದ್ದು ಯಾವ ಕಡತಕ್ಕೂ ಸೇರುತ್ತಿರಲಿಲ್ಲವಲ್ಲ. ಒಮ್ಮೆ ನಾನಿದ್ದಾಗಲೇ ನಾರ್ತ್ ಕೆರೊಲಿನಾಕ್ಕೆ ಹೊರಟು ನಿಂತಿದ್ದ ಹುಡುಗನೊಬ್ಬ ಎದೆಯಲ್ಲಿ ಒತ್ತಿದ ಹಾಗಾಗುತ್ತದೆ ಎಂದ.

"ಹೊಸ ಇನ್ಶೂರೆನ್ಸ್ ಕಾರ್ಡ್ ಬರೋವರೆಗೂ ವೇಟ್ ಮಾಡಬಹುದಾ ಅಂಕಲ್?"

"ನೀನು ಮಾಡಬಹುದು. ನಿನ್ನ ಎದೆಗೆ ಕ್ಯಾಲೆಂಡರ್ ಓದಕ್ಕೆ ಬರಲ್ಲ ಕಣಪ್ಪ. ಏಳು, ಗಿರೀಶ ಡ್ರೈವ್ ಮಾಡ್ತಾನೆ, ಈಗಲೇ ಹೋಗು."

ಹುಡುಗ ಹೋದ; ಜೀವ ಉಳಿಯಿತು. ಆ ಮಾತನ್ನು ನಾನು ಮುಂದೆ ಅವರಿಗೇ ಹಿಂತಿರುಗಿಸಬೇಕಾಗುತ್ತದೆಂದು ಆಗ ತಿಳಿದಿರಲಿಲ್ಲ.

1993ರ ಸೆಪ್ಟೆಂಬರ್ 22, ಬುಧವಾರ. ಅಮೆರಿಕದ ಅಧ್ಯಕ್ಷರು ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ನಿಂತು, ದೇಶದ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ಸಿಗುವ ಯೋಜನೆಯನ್ನು ಮಂಡಿಸಿದರು. ಗಿರೀಶನ ಮನೆಯಲ್ಲಿ ಎಲ್ಲರೂ ಟೀವಿಯ ಮುಂದೆ ಸೇರಿದ್ದೆವು. ಅಧ್ಯಕ್ಷರು ಒಂದು ಚಿಕ್ಕ ಕಾರ್ಡನ್ನು ಎತ್ತಿ ಹಿಡಿದು, ಇದು ಎಲ್ಲರಿಗೂ ಸಿಗುತ್ತದೆ, ಯಾರೂ ಇದನ್ನು ಕಿತ್ತುಕೊಳ್ಳಲಾರರು ಎಂಬರ್ಥದ ಮಾತಾಡಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಂಜರಾಜಯ್ಯನವರ ಬಲಗೈ ತೊಡೆಯ ಕೆಳಗಿನಿಂದ ಅರ್ಧ ಹೊರಬಂದು ಮತ್ತೆ ಒಳಗೆ ಹೋಯಿತು. ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಮೊಮ್ಮಗಳು ಮೇಘನಾ, ಆಗ ಏಳು ವರ್ಷದವಳು, ಅದನ್ನು ಕಂಡು ಕೇಳಿದಳು:

"ತಾತ, ವೈ ಆರ್ ಯು ಸಿಟಿಂಗ್ ಆನ್ ಯುವರ್ ಹ್ಯಾಂಡ್ಸ್? ನೀವು ಕ್ಲ್ಯಾಪ್ ಮಾಡಲ್ವಾ?"

"ಲೈಸೆನ್ಸ್ ಇಲ್ಲ ಮಗು. ಪೊಲೀಸ್ ಬರ್ತಾರೆ."

ಮೊದಲ ವರ್ಷ ಅವರು ಈ ಮಾತು ಹೇಳುವಾಗ ಕೈಗಳನ್ನು ನಾಟಕೀಯವಾಗಿ ಬೆನ್ನ ಹಿಂದೆ ಕಟ್ಟುತ್ತಿದ್ದರು, ನಕ್ಕು ಬಿಡುತ್ತಿದ್ದರು. ತೊಡೆಯ ಕೆಳಗೆ ಸೇರಿದ್ದು ಆಮೇಲೆ. ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರೆ ಜುಲೈನ ಕೇಸರಿಬಾತಿಗೂ ಸೆಪ್ಟೆಂಬರಿನ ಭಾಷಣಕ್ಕೂ ನಡುವೆ ಎಲ್ಲಿಯೋ ಅದು ಆಗಿದೆ. ಹಳೆಯ ತಮಾಷೆಯೇ ಮುಂದುವರಿದಿದೆ ಎಂದು ನಾವೆಲ್ಲ ತಿಳಿದಿದ್ದೆವು.

ಅಧ್ಯಕ್ಷರ ಯೋಜನೆ ಬ್ರಿಟಿಷ್ ಪದ್ಧತಿಯಲ್ಲವೆಂದು ಅವರು ಮೊದಲ ದಿನವೇ ಹೇಳಿದರು. ಬ್ರಿಟನ್ನಿನಲ್ಲಿ ತೆರಿಗೆಯ ಹಣದಿಂದ ಸರ್ಕಾರವೇ ಆಸ್ಪತ್ರೆ ನಡೆಸುತ್ತದೆ. ಇಲ್ಲಿ ವಿಮಾ ಕಂಪನಿಗಳು ಹಾಗೆಯೇ ಇರುತ್ತವೆ, ಎಲ್ಲರೂ ಅವುಗಳ ಗಿರಾಕಿಗಳಾಗುತ್ತಾರೆ, ಅಷ್ಟೆ. ಆದರೆ ವಿರೋಧಿಗಳಿಗೆ ಆ ಭೇದ ಬೇಕಿರಲಿಲ್ಲ. ರೇಡಿಯೋದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬ್ರಿಟನ್ನಿನ ಕ್ಯೂ, ಬ್ರಿಟನ್ನಿನ ಕೊಳಕು ವಾರ್ಡು. ಟೀವಿಯ ಒಂದು ಜಾಹೀರಾತಿನಲ್ಲಿ ಗಂಡಹೆಂಡಿರಿಬ್ಬರು ಅಡುಗೆಮನೆಯ ಮೇಜಿನ ಮುಂದೆ ಕೂತು, ಹೊಸ ಯೋಜನೆ ಬಂದರೆ ತಮ್ಮ ಆಯ್ಕೆಯೇ ಹೋಗಿಬಿಡುತ್ತದೆಂದು ಕಳವಳಪಡುತ್ತಿದ್ದರು. ಅದು ಬಂದಾಗಲೆಲ್ಲ ನಂಜರಾಜಯ್ಯನವರು ಟೀವಿಗೆ ಹೇಳುತ್ತಿದ್ದರು: "ನಿಮಗೆ ಆಯ್ಕೆ ಹೋಗೋ ಭಯ ತಾಯಿ. ನನಗೆ ಆ ಮೇಜೇ ಹೋಗೋ ಭಯ."

ಆ ನವೆಂಬರಿನಲ್ಲಿ ನಮ್ಮವರ ರಾಜ್ಯೋತ್ಸವ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಕ್ಕಳ ಕೋಲಾಟಕ್ಕೂ ಊಟಕ್ಕೂ ನಡುವೆ ಚರ್ಚೆ: ಅಮೆರಿಕಕ್ಕೆ ಬ್ರಿಟಿಷ್ ಮಾದರಿಯ ಆರೋಗ್ಯ ಪದ್ಧತಿ ಬೇಕೇ? ಬೇಕೆನ್ನಲು ನಂಜರಾಜಯ್ಯನವರು. ಬೇಡವೆನ್ನಲು ಡಾ. ಪ್ರಭಾಕರ್ ಎಂಬ ಹೃದಯತಜ್ಞರು, ನದಿಯಾಚೆಯ ವರ್ಜೀನಿಯಾದವರು. ಪ್ರಭಾಕರ್ ಬರಿಯ ವಾಚಾಳಿಯಲ್ಲ. ಎಳೆಯ ಡಾಕ್ಟರಾಗಿದ್ದಾಗ ಮ್ಯಾಂಚೆಸ್ಟರಿನಲ್ಲಿ ದುಡಿದು, ಮನಸ್ಸು ಕೆಟ್ಟು, ಅಲ್ಲಿಂದ ಹೊರಟು ಬಂದವರು. ಓಣಿಯಲ್ಲಿ ತಳ್ಳುಗಾಡಿಯ ಮೇಲೆ ಮಲಗಿ ಹಾಸಿಗೆಗಾಗಿ ಕಾದ ಮುದುಕಿಯ ಕಥೆಯನ್ನು ಅವರು ಹೇಳಿದಾಗ ಸಭೆ ಗಂಭೀರವಾಯಿತು. "ಅಲ್ಲಿ ಯಾರಿಗೂ ಬಿಲ್ ಬರಲ್ಲ, ಒಪ್ತೀನಿ. ಬೆಡ್ಡೂ ಬರಲ್ಲ" ಎಂದಾಗ ಎಲ್ಲರೂ ನಕ್ಕರು.

ಮೈಕು ಇದ್ದದ್ದು ಒಂದೇ, ಕೈಯಲ್ಲಿ ಹಿಡಿಯುವಂಥದು. ಪ್ರಭಾಕರ್ ಅದನ್ನು ಮುಂದೆ ಚಾಚಿದರು. ನಂಜರಾಜಯ್ಯನವರು ಕ್ಷಣಕಾಲ ಅದನ್ನೇ ನೋಡಿದರು. ಆಮೇಲೆ ತೊಡೆಯ ಕೆಳಗಿನಿಂದ ಕೈ ತೆಗೆದು, ಮೈಕನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು.

"ಪ್ರಭಾಕರ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕ್ಯೂ ಇದೆ. ಕ್ಯೂ ಅಂದ್ರೆ ಏನು ಸ್ವಾಮಿ? ಹಿಂದೆ ನಿಂತಿರೋನು ಎಷ್ಟೇ ದೊಡ್ಡ ಮನುಷ್ಯ ಆದ್ರೂ ನನ್ನ ದಾಟಿ ಹೋಗಲ್ಲ ಅನ್ನೋ ಭಾಷೆ. ಇಲ್ಲಿ ಕ್ಯೂ ಇಲ್ಲ ಅಂತೀರಿ. ಕ್ಯೂಗೆ ಸೇರಿಸಿಕೊಳ್ಳದೆ ಇರೋರು ಎಲ್ಲಿ ನಿಂತಿದಾರೆ, ಯಾರಾದ್ರೂ ನೋಡಿದೀರಾ?"

ಉತ್ತರ ಕೊಡಲು ಪ್ರಭಾಕರ್ ಎದ್ದು ಮೈಕಿಗೆ ಕೈ ಚಾಚಿದರು. ಆಗ ಅವರ ದೃಷ್ಟಿ ಮೈಕನ್ನು ಹಿಡಿದಿದ್ದ ಬೆರಳುಗಳ ಮೇಲೆ ನಿಂತಿತು. ಮೈಕನ್ನು ತೆಗೆದುಕೊಳ್ಳದೆ, "ನಂದು ಆಯ್ತು. ಡಾಕ್ಟರು ಹೇಳಿದ್ದೇ ಸರಿ ಇರಬಹುದು" ಎಂದು ತಗ್ಗಿದ ದನಿಯಲ್ಲಿ ಹೇಳಿ ಕೂತುಬಿಟ್ಟರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ನಂಜರಾಜಯ್ಯನವರು ಗೆದ್ದರೆಂದು ಎಲ್ಲರೂ ತಿಳಿದರು. ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತವರೆಲ್ಲ ಅದನ್ನೇ ಆಡಿಕೊಂಡರು. ಗೆದ್ದವರು ಮಾತ್ರ ಊಟ ಮಾಡದೆ, ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದರು.

ಮುಂದಿನ ಶನಿವಾರ ಪ್ರಭಾಕರ್ ನನಗೆ ಫೋನ್ ಮಾಡಿ, ನಿಮ್ಮ ಮನೆಗೆ ಬರುತ್ತೇನೆ, ಡಾಕ್ಟರನ್ನು ಅಲ್ಲಿಗೆ ಕರೆಯಿರಿ, ವಸುಧಾಗೆ ಹೇಳಬೇಡಿ ಎಂದರು. ವಸುಧಾ ಆಗ ಎರಡನೆಯ ಬಸುರಿ. ಮೂವರೂ ನಮ್ಮ ಊಟದ ಮೇಜಿನ ಸುತ್ತ ಕುಳಿತೆವು. ಪ್ರಭಾಕರ್ ಏನೂ ಪೀಠಿಕೆ ಹಾಕಲಿಲ್ಲ.

"ಎಷ್ಟು ದಿನದಿಂದ ಸರ್?"

ನಂಜರಾಜಯ್ಯನವರು ಕೈಗಳನ್ನು ಮೇಜಿನ ಮೇಲಿಟ್ಟರು. ಹಗಲ ಬೆಳಕಿನಲ್ಲಿ ನಾನು ಮೊದಲ ಬಾರಿ ನೋಡಿದೆ. ಬೆರಳುಗಳ ತುದಿ ಡೋಲಿನ ಕೋಲಿನ ತುದಿಯಂತೆ ದಪ್ಪಗಾಗಿತ್ತು. ಉಗುರುಗಳು ಉಬ್ಬಿ, ಹೊಳೆಯುತ್ತ, ಕೈಗಡಿಯಾರದ ಗಾಜಿನಂತೆ ಬಾಗಿದ್ದವು. ನನ್ನಂಥವನಿಗೆ ಅದು ವಿಚಿತ್ರವಾದ ಉಗುರು, ಅಷ್ಟೆ. ಅವರಿಬ್ಬರೂ ಅದನ್ನು ಓದಬಲ್ಲವರಾಗಿದ್ದರು. ವಯಸ್ಸಾದ, ಬಹಳ ಕಾಲ ಪೈಪು ಸೇದಿದ ಮನುಷ್ಯನ ಬೆರಳುಗಳು ಕೆಲವೇ ತಿಂಗಳಲ್ಲಿ ಹೀಗಾದರೆ ಮೊದಲು ಅನುಮಾನಿಸಬೇಕಾದದ್ದು ಶ್ವಾಸಕೋಶದ ಕ್ಯಾನ್ಸರ್ ಗೆಡ್ಡೆಯನ್ನು.

"ಬೇಸಿಗೇಲಿ ಶುರುವಾಯ್ತು. ನಿಮ್ಮಂಥೋರು ಕಂಡರೆ ಹಿಡಿದುಬಿಡ್ತೀರಿ ಅಂತ ಅದರ ಮೇಲೇ ಕೂತುಕೊಂಡೆ."

ತಮ್ಮ ಸ್ನೇಹಿತರ ಕ್ಲಿನಿಕ್ಕಿನಲ್ಲಿ ಎಕ್ಸ್-ರೇ ತೆಗೆಸುತ್ತೇನೆ, ಯಾರೂ ಹಣ ಕೇಳುವುದಿಲ್ಲ ಎಂದರು ಪ್ರಭಾಕರ್.

"ಆಮೇಲೆ?" ಎಂದರು ನಂಜರಾಜಯ್ಯನವರು. "ಸ್ಕ್ಯಾನು, ಬಯಾಪ್ಸಿ, ಸರ್ಜನ್ನು, ಆಸ್ಪತ್ರೆ ಮಂಚ. ಎಲ್ಲರೂ ನಿಮ್ಮ ಸ್ನೇಹಿತರಾ ಪ್ರಭಾಕರ್? ನೀವು ಕೊಡ್ತಿರೋದು ದಾನ. ದೊಡ್ಡ ಮನಸ್ಸು, ಕೈ ಮುಗೀತೀನಿ. ನಾನು ಜೀವಮಾನ ಎಲ್ಲ ಕೊಟ್ಟಿದ್ದು ಸರದಿ. ದಾನ ನಡುದಾರೀಲಿ ನಿಂತುಹೋದ್ರೆ ಯಾರನ್ನೂ ಕೇಳೋ ಹಾಗಿಲ್ಲ."

ಗಿರೀಶನಿಗೆ ಹೇಳೋಣವೆಂದೆ ನಾನು.

"ಗಿರೀಶ ಸಹಿ ಹಾಕ್ತಾನೆ ಶಾಸನದವರೇ. ಯಾವ ಕಾಗದ ಮುಂದೆ ಇಟ್ರೂ ಹಾಕ್ತಾನೆ. ನನ್ನ ಅಳಿಯ ಅಷ್ಟು ಒಳ್ಳೆಯೋನು. ಅದೇ ನನಗೆ ಭಯ."

ವೇಲ್ಸಿಗೆ ಹಿಂತಿರುಗಿ ನೆಲೆಸಿದರೆ ಮತ್ತೆ ಅದೇ ಬೆಂಚು ಸಿಗುತ್ತದಲ್ಲವೇ ಎಂದು ಪ್ರಭಾಕರ್ ಕೇಳಿದರು. ಸಿಗುತ್ತದೆ, ಆದರೆ ಈಗ ಹೊರಟರೆ ವಸುಧಾ ಕಾರಣ ಕೇಳುತ್ತಾಳೆ. ಕೂಸು ಭೂಮಿಗೆ ಬರಲಿ ಎಂದರು ನಂಜರಾಜಯ್ಯನವರು. ಎದೆಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಎಂದು ಅವರೇ ಹೇಳಿದ ಮಾತನ್ನು ನಾನು ಆಗ ನೆನಪಿಸಿದೆ. "ಅದು ಬೇರೆಯವರ ಎದೆಗೆ ಹೇಳಿದ್ದು" ಎಂದರು. ಕೂಸು ಹುಟ್ಟುವವರೆಗೆ ಬಾಯಿ ಬಿಡುವುದಿಲ್ಲವೆಂದು ಇಬ್ಬರಿಂದಲೂ ಭಾಷೆ ತೆಗೆದುಕೊಂಡು, ಕೈಗಳನ್ನು ಜೇಬಿಗೆ ಸೇರಿಸಿ, ಎದ್ದು ಹೋದರು.

1994ರ ಜನವರಿಯಲ್ಲಿ ವಾಷಿಂಗ್ಟನ್ ಸುತ್ತಮುತ್ತ ಎಲ್ಲವೂ ಹೆಪ್ಪುಗಟ್ಟಿತು. ಮರದ ಕೊಂಬೆಗಳು ಗಾಜಿನಂತಾದವು. ಮನೆಯಿಂದ ಮನೆಗೆ ನಡೆಯುವುದೂ ಅಪಾಯವಾಗಿ, ನಾವು ಕಿಟಕಿಯಿಂದಲೇ ಕೈಯಾಡಿಸುತ್ತಿದ್ದೆವು. ಅವರು ಉಣ್ಣೆಯ ಕೈಗವಸು ಹಾಕಿಕೊಂಡ ಕೈಯನ್ನು ಆಡಿಸುತ್ತಿದ್ದರು. ಮನೆಯೊಳಗೂ ಅದನ್ನು ತೆಗೆಯುತ್ತಿರಲಿಲ್ಲವಂತೆ. ಪಾತ್ರೆ ತೊಳೆಯುವಾಗ ಹಳದಿ ರಬ್ಬರಿನದು. ಅಪ್ಪನಿಗೆ ಇಲ್ಲಿಯ ಚಳಿ ಹಿಡಿಯುತ್ತಿಲ್ಲವೆಂದು ವಸುಧಾ ಇನ್ನೊಂದು ಜೊತೆ ಕೊಂಡು ತಂದಳು. ಆ ತಿಂಗಳಲ್ಲೇ ಕೆಮ್ಮು ಶುರುವಾಯಿತು. ಫೋನಿನಲ್ಲಿ ಮಾತಾಡುವಾಗ ಅವರು ಕೆಮ್ಮಿದರೆ ಇಬ್ಬರೂ ಅದು ನಿಲ್ಲುವವರೆಗೆ ಸುಮ್ಮನಿದ್ದು, ಅದೇನೂ ಆಗಲೇ ಇಲ್ಲವೆಂಬಂತೆ ಮಾತು ಮುಂದುವರಿಸುತ್ತಿದ್ದೆವು.

ನನ್ನನ್ನು ಹೆಚ್ಚು ಹೆದರಿಸಿದ್ದು ಕೆಮ್ಮಲ್ಲ, ಅವರಲ್ಲಿ ಹುಟ್ಟಿದ ಆಸೆ. ಅದು ನಮ್ಮ ಪದ್ಧತಿಯೇ ಅಲ್ಲ ಎಂದು ತಳ್ಳಿಹಾಕಿದ್ದ ಅಧ್ಯಕ್ಷರ ಮಸೂದೆಗೆ ಅವರು ಈಗ ಕಿವಿಗೊಟ್ಟು ಕೂರತೊಡಗಿದರು. ಯಾವ ಸಮಿತಿಗೆ ಹೋಯಿತು, ಯಾವಾಗ ಹೊರಬರುತ್ತದೆ, ಮತದಾನ ಯಾವತ್ತು ಎಂದು ನನ್ನನ್ನು ಕೇಳುತ್ತಿದ್ದರು. ನಾನು ಗ್ರಂಥಾಲಯದ ಪತ್ರಿಕೆಗಳನ್ನು ತಿರುವಿ ತಾರೀಖು ತಂದು ಹೇಳುತ್ತಿದ್ದೆ, ಅದು ಮುಂದಕ್ಕೆ ಹೋಗುತ್ತಿತ್ತು, ಮತ್ತೊಂದು ತರುತ್ತಿದ್ದೆ. ಸಾವಿರ ವರ್ಷದ ಹಿಂದಿನ ಸಂಕ್ರಮಣವನ್ನು ಗುರುತಿಸುವುದು ಅದಕ್ಕಿಂತ ಸುಲಭ. ಏಪ್ರಿಲಿನಲ್ಲಿ ಮೊಮ್ಮಗ ಹುಟ್ಟಿದ. ಹೇಳಿಬಿಡಿ ಎಂದೆ. "ಬಾಣಂತನ ಮುಗೀಲಿ. ಅಷ್ಟರಲ್ಲಿ ಕಾನೂನೂ ಬರಬಹುದು" ಎಂದರು. ಕೂಸನ್ನು ಅವರು ಕೈಗವಸು ಹಾಕಿಕೊಂಡೇ ಎತ್ತಿಕೊಳ್ಳುತ್ತಿದ್ದರು.

ಜುಲೈ ಐದು ಬಂತು. ಆ ವರ್ಷ ಅದು ಮಂಗಳವಾರ. ಈ ಸಲ ಕೇಸರಿಬಾತ್ ನಾನೇ ಮಾಡುತ್ತೇನೆಂದಳು ವಸುಧಾ, ಅವರು ಬಿಡಲಿಲ್ಲ. ಕುದಿಯುವ ತುಪ್ಪದ ಮುಂದೆ ರಬ್ಬರಿನ ಕೈಗವಸು ನಡೆಯುವುದಿಲ್ಲ. ಅವರು ಗೋಡೆಯ ಕಡೆಗೆ ತಿರುಗಿ ನಿಂತು, ಬರಿಗೈಯಲ್ಲಿ ಸೌಟು ಹಿಡಿದು ರವೆ ಹುರಿಯುತ್ತಿದ್ದರು. ನಡುವೆ ಉಸಿರು ಸಾಲದೆ ಒಲೆಯ ಅಂಚನ್ನು ಹಿಡಿದುಕೊಂಡರು. ಕೂಸನ್ನು ಎತ್ತಿಕೊಂಡಿದ್ದ ವಸುಧಾ ಹತ್ತಿರ ಹೋದಳು.

"ಅಪ್ಪ, ಕೈ ಕೊಡಿ."

"ರವೆ ಸೀದುಹೋಗತ್ತೆ."

"ಹೋಗ್ಲಿ. ಕೈ ಕೊಡಿ."

ವಸುಧಾ ಡಾಕ್ಟರಲ್ಲ. ಆದರೆ ಅವಳು ಆ ಬೆಂಚಿನ ಪಕ್ಕದಲ್ಲಿ ಬೆಳೆದವಳು. ಶಾಲೆಯಿಂದ ಬಂದು ರೋಗಿಗಳ ನಡುವೆಯೇ ಕುಳಿತು ಮನೆಪಾಠ ಬರೆಯುತ್ತಿದ್ದವಳು. ತಂದೆಯ ಬೆರಳುಗಳನ್ನು ಬಿಡಿಸಿ, ಒಂದೊಂದನ್ನೂ ನೋಡಿದಳು.

"ಇದು ಎವನ್ಸ್ ಮಾಮನ ಕೈ, ಅಪ್ಪ. ಬೆಂಚಿನ ಕೊನೇಲಿ ಕೂತು ನನಗೆ ಪೆಪ್ಪರ್‌ಮಿಂಟ್ ಕೊಡ್ತಿದ್ರಲ್ಲ. ಆಮೇಲೆ ಬರೋದು ನಿಲ್ಲಿಸಿದ್ರಲ್ಲ."

ರವೆ ಸೀದ ವಾಸನೆ ಮನೆಯೆಲ್ಲ ಹರಡಿತು. ಅವಳು ನನ್ನತ್ತ ತಿರುಗಿ, "ಅಂಕಲ್, ನಿಮಗೆ ಗೊತ್ತಿತ್ತಾ?" ಎಂದಳು. ನಾನು ಬಾಯಿ ತೆರೆಯುವ ಮುನ್ನ ನಂಜರಾಜಯ್ಯನವರೇ ಹೇಳಿದರು: "ನಾನು ಭಾಷೆ ತಗೊಂಡಿದ್ದೆ. ಅವರನ್ನ ಬಿಡು."

ಸಂಜೆ ಗಿರೀಶ ಆಫೀಸಿನಿಂದ ಬಂದ. ಎಲ್ಲವನ್ನೂ ಕೇಳಿಸಿಕೊಂಡ. ಬೂಟನ್ನೂ ಬಿಚ್ಚದೆ ಮಾವನ ಪಕ್ಕದಲ್ಲಿ ಕುಳಿತು, ಸಾಧಾರಣ ಧ್ವನಿಯಲ್ಲಿ ಹೇಳಿದ: "ಮಾವ, ಇಲ್ಲೇ ತೋರಿಸೋಣ. ಮನೆ ಮೇಲೆ ಲೋನ್ ತೆಗೀಬಹುದು. ನಾಳೆ ಬ್ಯಾಂಕಿಗೆ ಕಾಲ್ ಮಾಡ್ತೀನಿ."

ನಂಜರಾಜಯ್ಯನವರು ನನ್ನ ಕಡೆ ನೋಡಿದರು. "ಕೇಳಿದ್ರಾ ಶಾಸನದವರೇ" ಎಂದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಎರಡು ವರ್ಷ ಮೆಟ್ಟಿಲ ಮೇಲೆ ಜಾರದಂತೆ ಇಳಿದದ್ದು ಈ ಒಂದು ಮಾತನ್ನು ಕೇಳಬಾರದೆಂದು. ಮರುಕ್ಷಣವೇ ಅವರು ಮಗಳ ಕಡೆ ತಿರುಗಿ, "ವೇಲ್ಸಿಗೆ ಟಿಕೆಟ್ ಮಾಡಿಸು" ಎಂದರು.

ಜುಲೈ ಮುಗಿಯುವುದರೊಳಗೆ ಹೊರಟರು. ಕಣಿವೆಯಲ್ಲಿ ಅವರ ಜಾಗಕ್ಕೆ ಬಂದಿದ್ದ ಕಿರಿಯ ಡಾಕ್ಟರು ತಮ್ಮ ಮನೆಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ವಸುಧಾ ಕೂಸನ್ನೆತ್ತಿಕೊಂಡು ಜೊತೆಗೆ ಹೋಗಿ ಕೆಲವು ವಾರ ಇದ್ದು ಬರುವುದೆಂದಾಯಿತು. ಬಾಲ್ಟಿಮೋರ್ ವಿಮಾನ ನಿಲ್ದಾಣದಲ್ಲಿ ಆ ಕಾಲಕ್ಕೆ ಬೀಳ್ಕೊಡುವವರೂ ವಿಮಾನದ ಬಾಗಿಲವರೆಗೆ ಹೋಗಬಹುದಿತ್ತು. ಗಾಜಿನ ಗೋಡೆಯ ಪಕ್ಕದ ಕುರ್ಚಿಗಳ ಸಾಲಿನಲ್ಲಿ ಕುಳಿತಿದ್ದೆವು. ಸಂಜೆಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಅವರ ಕೈಗಳು ಮಡಿಲಲ್ಲಿ ಎಲ್ಲರಿಗೂ ಕಾಣುವಂತೆ ಇದ್ದವು. ಅವುಗಳನ್ನು ಬಚ್ಚಿಡುವ ಕೆಲಸ ಮುಗಿದಿತ್ತು.

ಮೇಘನಾ ಅವರ ಬೆರಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅವರು ಅವಳಿಗೊಂದು ಆಟ ಕಲಿಸಿದರು. ಎರಡೂ ಕೈಯ ಉಂಗುರದ ಬೆರಳನ್ನು ಮಡಿಸಿ, ಉಗುರಿಗೆ ಉಗುರು ತಾಗಿಸಿ, ಬೆಳಕಿಗೆ ಹಿಡಿಯಬೇಕು. ಉಗುರುಗಳ ಬುಡದಲ್ಲಿ ಎಳ್ಳಿನಷ್ಟು ಸಂದು ಉಳಿಯುತ್ತದೆ, ಅದರೊಳಗಿಂದ ಬೆಳಕು ಕಾಣುತ್ತದೆ.

"ಐ ಸೀ ಇಟ್ ತಾತ. ಚಿಕ್ಕ ವಿಂಡೋ. ಈಗ ನಿಮ್ದು ತೋರ್ಸಿ."

ಅವರು ತಮ್ಮ ಬೆರಳುಗಳನ್ನು ಹಾಗೆಯೇ ಜೋಡಿಸಿ ಗಾಜಿನ ಕಡೆಗೆ ಎತ್ತಿದರು. ಉಬ್ಬಿದ ಉಗುರುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ನಡುವೆ ಏನೂ ಇರಲಿಲ್ಲ. "ನಂದು ಮುಚ್ಚಿದೆ ಮಗು. ನಿಂದು ತೆಗೆದಿದೆಯಲ್ಲ, ಸಾಕು" ಎಂದರು. ಕರೆ ಬಂತು. ಎದ್ದು ನಿಂತು, ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅವು ಬಿಸಿಯಾಗಿದ್ದವು. ಅದೇ ಕಡೆಯ ಭೇಟಿ.

ಸೆಪ್ಟೆಂಬರ್ ಕೊನೆಯ ವಾರ, 26ರ ಸೋಮವಾರ, ಮಸೂದೆಯನ್ನು ಕೈಬಿಟ್ಟಿರುವುದಾಗಿ ಸೆನೆಟ್ಟಿನ ನಾಯಕರು ಘೋಷಿಸಿದರು. ಮರುದಿನ ನಾನು ವೇಲ್ಸಿಗೆ ಫೋನ್ ಮಾಡಿದೆ. ಸುದ್ದಿ ಅವರಿಗೆ ಮುಟ್ಟಿತ್ತು. ಅದು ನಮ್ಮದಲ್ಲದಿದ್ದರೂ ಹುಟ್ಟುವ ಮೊದಲೇ ಸತ್ತದ್ದನ್ನು ನೋಡಲಾಗುವುದಿಲ್ಲ ಎಂದರು. ಎಕ್ಸ್-ರೇ ಆಗಿತ್ತು, ಅನುಮಾನಿಸಿದ್ದೇ ಸರಿಯಾಗಿತ್ತು. ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ನೋಡಲು ದೊಡ್ಡ ಊರಿನ ಆಸ್ಪತ್ರೆಯ ಸ್ಕ್ಯಾನಿಗೆ ಹೆಸರು ಬರೆಸಿದ್ದರು. ಅದು ಯಾವಾಗ ಎಂದು ಕೇಳಿದೆ.

"ಸರದಿ ಬಂದಿಲ್ಲ. ನನ್ನ ಮುಂದೆ ಜನ ಇದಾರೆ."

ಭಯವಾಗುತ್ತಿದೆಯೇ ಎಂದು ಕೇಳಿದೆ. ಆ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಾರರು.

"ಆಗ್ತಿದೆ ಶಾಸನದವರೇ. ಆದ್ರೆ ಇಲ್ಲಿ ಒಂದೇ ಭಯ. ಅಲ್ಲಿ ಎರಡಿತ್ತು."

ಸ್ಕ್ಯಾನಿನ ದಿನ ಬಂದಾಗ ಅವರು ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಆ ನವೆಂಬರಿನಲ್ಲಿ, ನಮ್ಮ ರಾಜ್ಯೋತ್ಸವಕ್ಕೆ ಮುಂಚೆ, ತೀರಿಕೊಂಡರು. ಸಭೆಯಲ್ಲಿ ಅವರ ಬಗ್ಗೆ ಮಾತಾಡಲು ಪ್ರಭಾಕರ್ ಎದ್ದರು, ಅದೇ ಮೈಕನ್ನು ಹಿಡಿದು, ಹಾಗೆಯೇ ಪಕ್ಕದವರಿಗೆ ಕೊಟ್ಟು ಕೂತರು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು, ಅಲ್ಲಿಯ ಕ್ಯೂ ಅವರನ್ನು ಕೊಂದಿತು ಎಂದರು. ಎರಡು ಹೆಜ್ಜೆ ಸರಿದ ಮೇಲೆ, "ಅಥವಾ ಇಲ್ಲಿ ಕ್ಯೂ ಇಲ್ಲದ್ದು. ನನಗೆ ಗೊತ್ತಾಗ್ತಿಲ್ಲ" ಎಂದರು. ನಾನು ಎಲ್ಲ ತಾರೀಖುಗಳನ್ನೂ ಎದುರಿಗೆ ಹರಡಿಕೊಂಡು ಬಹಳ ಸಲ ನೋಡಿದ್ದೇನೆ. ಉಳಿಸಬಹುದಾಗಿದ್ದ ದಿನ ಯಾವುದೆಂದು ಯಾವ ತಾರೀಖೂ ಹೇಳುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಜೂನ್ ಕೊನೆಗೆ ಕೆಲಸವೂ, ಅದರೊಡನೆ ವಿಮೆಯೂ ನಿಂತವು. ಹೊಸ ಕೆಲಸ ಮಾತಿನಲ್ಲಿತ್ತು. ಜುಲೈ ಐದು, ಬುಧವಾರ, ವಸುಧಾ ಕೇಸರಿಬಾತಿಗೆ ಕರೆದಳು. ನಾನು ನಂಜರಾಜಯ್ಯನವರು ಕೂರುತ್ತಿದ್ದ ಸೋಫಾದ ತುದಿಯಲ್ಲಿ ಕುಳಿತಿದ್ದೆ. ಕೆಲವು ವಾರಗಳಿಂದ ಒಂದು ಒಣಕೆಮ್ಮು ಕಾಡುತ್ತಿತ್ತು. ಹೊಸ ಕಾರ್ಡು ಬಂದ ಮೇಲೆ ತೋರಿಸಿದರಾಯಿತೆಂದುಕೊಂಡಿದ್ದೆ. ಮೇಘನಾ ತಾತನ ಆಟವನ್ನು ಮರೆತಿರಲಿಲ್ಲ. ಬಂದವರ ಬೆರಳುಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿಸಿ, ವಿಂಡೋ ಇದೆ, ವಿಂಡೋ ಇದೆ ಎಂದು ಎಣಿಸುತ್ತ ನನ್ನ ಮುಂದೆ ಬಂದು ನಿಂತಳು.

"ಅಂಕಲ್, ನಿಮ್ಮ ಕೈ?"

ಆಗ ನೋಡಿಕೊಂಡೆ. ನನ್ನ ಎರಡೂ ಕೈಗಳು ತೊಡೆಯ ಕೆಳಗಿದ್ದವು.